ಮಗಳು ಬಿ.ಕಾಂ. ಓದುತ್ತಿದ್ದಾಳೆ, ಹೆಚ್ಚು ಓದದ ನಾವು ಅವಳಿಗೆ ಏನು ಮಾಡಬಹುದು?

ಪ್ರಶ್ನೆ: ನಾವು ಬನಹಟ್ಟಿಯವರು. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ ಇವೆ. ನಾನು ಏಳನೇ ತರಗತಿ ತನಕ ಓದಿದವನು. ಮಗಳು ಜಮಖಂಡಿಯಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಳೆ. ಮುಂದೆ ಏನು ಮಾಡಾಕಿ ಅಂತ ಕೇಳಿದರೆ 'ನೋಡೂಣಪ್ಪಾ' ಅಂತಾಳೆ. ಅವಳ ಓದು ನಮಗೆ ತಿಳಿಯುವುದಿಲ್ಲ. ತಂದೆ ತಾಯಿ ಆಗಿ ನಾವು ಏನು ಮಾಡಬೇಕ್ರೀ?

ಉತ್ತರ: ಮೊದಲು ಆ 'ನೋಡೂಣಪ್ಪಾ' ವಿಷಯ. ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ. ನಮ್ಮ ಊರುಗಳಲ್ಲಿ ಬೆಳೆದ ಹುಡುಗಿಗೆ ಕಣ್ಣಿಗೆ ಬೀಳುವ ನೌಕರಿಗಳೇ ನಾಲ್ಕೈದು: ಟೀಚರ್, ಬ್ಯಾಂಕು, ಪೊಲೀಸು, ನರ್ಸು, ಇನ್ನು ಬೆಂಗಳೂರಿನಲ್ಲಿರುವ ಯಾರದೋ ಸಾಫ್ಟ್‌ವೇರ್ ಕೆಲಸ. ಬಿ.ಕಾಂ. ಓದಿದವರು ಕೂತು ಮಾಡುವ ಕೆಲಸವನ್ನು ಅವಳು ಹತ್ತಿರದಿಂದ ನೋಡಿಯೇ ಇಲ್ಲ. ನೋಡದ್ದನ್ನು ಆರಿಸು ಅಂದರೆ ಏನು ಹೇಳಬೇಕು? ನೀವು ಎಷ್ಟು ಸಲ ಕೇಳಿದರೂ ಅದೇ ಉತ್ತರ ಬರುತ್ತದೆ. ಹಾಗಾಗಿ ಕೇಳುವುದನ್ನು ಸ್ವಲ್ಪ ದಿನ ಬಿಡಿ, ತೋರಿಸುವುದನ್ನು ಶುರು ಮಾಡಿ. ಅದಕ್ಕೆ ಬೇಕಾದದ್ದು ನಿಮ್ಮ ಹತ್ತಿರ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ.

ನಿಮ್ಮ ನಾಲ್ಕು ಮಗ್ಗಗಳನ್ನೇ ತೆಗೆದುಕೊಳ್ಳಿ. ನೂಲು ಎಷ್ಟು ಬಂತು, ಹಾಸಿನ ನೂಲು ಸುತ್ತಿದ ಒಂದು ಬೀಮಿಗೆ ಎಷ್ಟು ಸೀರೆ ಇಳಿದವು, ಮಜೂರಿ ಎಷ್ಟು ಕೊಟ್ಟಿರಿ, ಕರೆಂಟ್ ಬಿಲ್ ಎಷ್ಟು, ಸಾವ್ಕಾರರಿಂದ ಬರಬೇಕಾದ ಬಾಕಿ ಎಷ್ಟು. ಇದೆಲ್ಲ ಈಗ ನಿಮ್ಮ ತಲೆಯಲ್ಲೋ ಒಂದು ಡೈರಿಯಲ್ಲೋ ಇರುತ್ತದೆ, ಅಲ್ವಾ? ಅದನ್ನು ಮಗಳ ಕೈಗೆ ಕೊಡಿ. ಮೊದಲು ಎಕ್ಸೆಲ್‌ನಲ್ಲಿ ಬರೆಯಲಿ, ಆಮೇಲೆ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಕಲಿತು ಅದಕ್ಕೆ ಹಾಕಲಿ. ಪುಸ್ತಕದಲ್ಲಿ ಓದಿದ ಡೆಬಿಟ್ಟು, ಕ್ರೆಡಿಟ್ಟು, ಸವಕಳಿ (ಹಳೆಯದಾದಂತೆ ಇಳಿಯುವ ಬೆಲೆ) ಎಲ್ಲ ಅಲ್ಲಿ ನಿಜವಾಗಿ ಎದುರಾಗುತ್ತವೆ. ಹಳೇ ಮಗ್ಗಕ್ಕೆ ಸವಕಳಿ ಹೇಗೆ ಹಾಕುವುದು? ಹಬ್ಬಕ್ಕೆ ಮುಂಗಡ ಕೊಟ್ಟ ಮಜೂರಿಯನ್ನು ಎಲ್ಲಿ ಬರೆಯುವುದು? ತಿಂಗಳ ಕೊನೆಗೆ ನಿಮ್ಮ ಮುಂದೆ ಕೂತು ಲಾಭವಾಯಿತೋ ಲುಕ್ಸಾನಾಯಿತೋ ಹೇಳಲಿ. ನಿಮಗೆ ತಿಳಿಯುವ ಹಾಗೆ ಅವಳು ಹೇಳಿದಳು ಅಂದರೆ ವಿಷಯ ಅವಳಿಗೂ ತಿಳಿದಿದೆ. ತಿಳಿಯದಿದ್ದರೆ ಮತ್ತೆ ಕೇಳಿ. ಏಳನೇ ತರಗತಿ ಓದಿದ ತಂದೆ ಇಲ್ಲಿ ಒಳ್ಳೆಯ ಪರೀಕ್ಷಕ.

ನಾಳೆ ಸಂದರ್ಶನದಲ್ಲಿ 'ನಮ್ಮ ಮನೆಯ ನಾಲ್ಕು ಮಗ್ಗದ ಲೆಕ್ಕವನ್ನು ಒಂದು ವರ್ಷ ನಾನೇ ಇಟ್ಟೆ' ಅಂತ ಹೇಳುವ ಹುಡುಗಿಯ ಮಾತಿಗೆ ಬೇರೆಯೇ ತೂಕ. ಬರೀ ಸರ್ಟಿಫಿಕೇಟ್ ಹಿಡಿದು ಬರುವವರು ಎಷ್ಟೋ ಜನ ಇರುತ್ತಾರೆ.

ಇನ್ನು ನಿಮ್ಮ ಪರಿಚಯದ ಜನ. ನಿಮಗೆ ಅಥವಾ ನಿಮಗೆ ನೂಲು ಕೊಡುವ ಸಾವ್ಕಾರರಿಗೆ ಜಿಎಸ್‌ಟಿ ರಿಟರ್ನ್ ತುಂಬಿಕೊಡುವವರು ಒಬ್ಬರು ಇದ್ದೇ ಇರುತ್ತಾರೆ. ಅವರ ಆಫೀಸಿಗೆ ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ. ಪರಿಚಯ ಮಾಡಿಸಿ, ಚಹಾ ಕುಡಿದು, ಎದ್ದು ಬನ್ನಿ. ಅವಳ ಪರವಾಗಿ ನೀವು ಮಾತಾಡಬೇಡಿ. 'ನಮ್ಮ ಹುಡುಗಿ ಭಾಳ ಶ್ಯಾಣ್ಯಾ ಅದಾಳ್ರೀ' ಅಂತ ಶುರು ಮಾಡಿದರೆ ಅವಳು ಮೂಲೆಗೆ ಸರಿದು ನಿಲ್ಲುತ್ತಾಳೆ. ರಜೆಯಲ್ಲಿ ಬಂದು ಕೆಲಸ ನೋಡಬಹುದಾ ಅಂತ ಅವಳೇ ಕೇಳಲಿ. ತಿಂಗಳಿಗೊಮ್ಮೆ ರಿಟರ್ನ್ ತುಂಬುವ ವ್ಯಾಪಾರಿಗಳಿಗೆ ಮಾರಾಟದ ವಿವರ ಕೊಡಲು 11ನೇ ತಾರೀಖು, ತೆರಿಗೆಯ ರಿಟರ್ನ್‌ಗೆ 20ನೇ ತಾರೀಖು ಕೊನೆ. ಆ ಹತ್ತು ದಿನ ಅಂಥ ಆಫೀಸಿನಲ್ಲಿ ಉಸಿರಾಡಲು ಪುರಸೊತ್ತು ಇರುವುದಿಲ್ಲ. ಕೆಲಸ ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ ಅದೇ ಸಮಯ. ಬಿಲ್ಲು ಜೋಡಿಸುವುದಕ್ಕೆ ಒಂದು ಕೈ ಹೆಚ್ಚು ಸಿಕ್ಕರೆ ಅವರಿಗೂ ಬೇಡ ಅನಿಸುವುದಿಲ್ಲ.

ಅಲ್ಲಿ ಅವಳಿಗೆ ಈ ಕೆಲಸ ಹಿಡಿಸಿದರೆ ಸಿ.ಎ., ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗುವ ದಾರಿ ಇದೆ. ಬಿ.ಕಾಂ.ನಲ್ಲಿ ಶೇ. 55 ಅಂಕ ಇದ್ದರೆ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಹಿರಿಯ ಸಿ.ಎ. ಹತ್ತಿರ ಮಾಡುವ ತರಬೇತಿ ಮೊದಲು ಮೂರು ವರ್ಷ ಇತ್ತು, 2023ರ ಹೊಸ ನಿಯಮದಲ್ಲಿ ಎರಡು ವರ್ಷವಾಗಿದೆ. ಕಷ್ಟದ ಪರೀಕ್ಷೆ, ಒಂದೇ ಸಲಕ್ಕೆ ಪಾಸಾಗದವರೇ ಹೆಚ್ಚು. ಹಿಡಿಸದಿದ್ದರೂ ನಷ್ಟವೇನಿಲ್ಲ. ಬೇಡ ಅನ್ನುವುದು ಎರಡನೇ ವರ್ಷದಲ್ಲೇ ಗೊತ್ತಾದರೆ ಒಳ್ಳೆಯದೇ.

ಸಕ್ಕರೆ ಕಾರ್ಖಾನೆಯ ಅಕೌಂಟ್ಸ್ ವಿಭಾಗ, ಪತ್ತಿನ ಸಹಕಾರಿ ಸಂಘ, ಬ್ಯಾಂಕಿನ ಶಾಖೆ, ಇಲ್ಲೆಲ್ಲ ನಿಮ್ಮ ಬೀಗರೋ ಗೆಳೆಯರೋ ಇದ್ದರೆ ಇದೇ ಕ್ರಮ.

ಬ್ಯಾಂಕ್ ಅಂದ ಮೇಲೆ ಪರೀಕ್ಷೆಯ ಮಾತು ಬರುತ್ತದೆ. ಕ್ಲರ್ಕ್ ಹುದ್ದೆಗೆ ಯಾವುದೇ ಪದವಿ ಸಾಕು, ಸಾಮಾನ್ಯ ವರ್ಗಕ್ಕೆ ವಯಸ್ಸು 20ರಿಂದ 28. ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಸ್ಥಳೀಯ ಭಾಷೆ ಬರಲೇಬೇಕು ಅನ್ನುವ ನಿಯಮವೂ ಇದೆ. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ನಮ್ಮ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಜೊತೆ ಸೇರಿ ಒಂದಾಗಿದೆ. ಅರ್ಜಿ ಹಾಕುವಾಗ ಹಳೇ ಹೆಸರು ಹುಡುಕುತ್ತಾ ಕೂರಬೇಡಿ.

ಇಂಥ ಪರೀಕ್ಷೆಗೆ ಓದುತ್ತೇನೆ ಅಂತ ಧಾರವಾಡದಲ್ಲೋ ವಿಜಯಪುರದಲ್ಲೋ ರೂಮು ಮಾಡಿ ವರ್ಷಗಟ್ಟಲೆ ಕೂರುವವರನ್ನು ನೀವೂ ನೋಡಿರುತ್ತೀರಿ. ನನ್ನ ಅಭಿಪ್ರಾಯ ಕೇಳಿದರೆ, ಹೋಗುವ ಮೊದಲೇ ಎಷ್ಟು ವರ್ಷ, ಎಷ್ಟು ದುಡ್ಡು ಅಂತ ಇಬ್ಬರೂ ಕೂತು ಮಾತಾಡಿಕೊಳ್ಳಬೇಕು. ಮನೆಯ ಪರಿಸ್ಥಿತಿಯನ್ನು ಮಕ್ಕಳಿಂದ ಮುಚ್ಚಿಡುವುದು ಪ್ರೀತಿ ಅಂತ ನಾವು ತಿಳಿದಿದ್ದೇವೆ. 'ಎರಡು ವರ್ಷ ಖರ್ಚು ನೋಡಿಕೊಳ್ಳಬಲ್ಲೆ, ಅದಕ್ಕಿಂತ ಆಗುವುದಿಲ್ಲ' ಅಂತ ಹೇಳಿದರೆ ಅವಳು ಅದಕ್ಕೆ ತಕ್ಕ ಹಾಗೆ ಯೋಚಿಸುತ್ತಾಳೆ. ಓದುವ ಸಮಯವೂ ಒಂದು ಖರ್ಚೇ. ಪರೀಕ್ಷೆ ಹತ್ತಿರ ಬಂದ ತಿಂಗಳು ಕಂಡಿಕೆಗೆ ನೂಲು ಸುತ್ತುವ ಮಗ್ಗದ ಕೆಲಸಕ್ಕೆ ಅವಳನ್ನು ಕರೆಯಬೇಡಿ. ಅಣ್ಣನೋ ತಮ್ಮನೋ ಇದ್ದರೆ ಅವನಿಗೂ ಎರಡು ಕೈ ಇವೆಯಲ್ಲ.

ಕಾಗದ ಪತ್ರದ ಕೆಲಸವನ್ನು ಮಾತ್ರ ನೀವು ಪೂರ್ತಿ ಹೊತ್ತುಕೊಳ್ಳಬಹುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ನಾಲ್ಕರಲ್ಲೂ ಅವಳ ಹೆಸರು ಒಂದೇ ರೀತಿ ಇದೆಯಾ? ಒಂದರಲ್ಲಿ ಅಡ್ಡಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ನಮ್ಮ ಕಡೆ ಇದು ಮಾಮೂಲಿ. ನೌಕರಿ ಸಿಕ್ಕ ವಾರ ಇದನ್ನು ಸರಿಮಾಡಲು ಓಡಾಡುವ ಬದಲು ಈಗಲೇ ಮಾಡಿ. ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರದ ಅವಧಿ ನೋಡಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಅರ್ಜಿ ಹಾಕಿದ್ದಾಳಾ ಕೇಳಿ. ಒಂದರಿಂದ ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ. 5 ಮೀಸಲಾತಿ ಇದೆ, ಅದರ ಪ್ರಮಾಣಪತ್ರವನ್ನು ಶಾಲೆಯಿಂದ ಪಡೆದಿಡಿ. ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಬೇರೆ ಮೀಸಲಾತಿ ಇದೆ, ಊರಿನ ಶಾಲೆ ಅದರಲ್ಲಿ ಬರುತ್ತದೆಯೇ ವಿಚಾರಿಸಿ. ಇನ್ನೊಂದು ಮಾತು, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ನಮ್ಮ ಬಾಗಲಕೋಟೆ ಜಿಲ್ಲೆಗೆ ಇಲ್ಲ. ಪಕ್ಕದ ಕೊಪ್ಪಳಕ್ಕೆ ಇದೆ, ನಮಗಿಲ್ಲ. ಇಳಕಲ್ ಕಡೆಯವರು ಇದನ್ನು ಕೇಳುತ್ತಲೇ ಇರುತ್ತಾರೆ.

ಅವಳು ಎಂ.ಬಿ.ಎ. ಓದಬೇಕು ಅಂದರೆ, ಬ್ಯಾಂಕುಗಳ ಶಿಕ್ಷಣ ಸಾಲ ₹7.5 ಲಕ್ಷದ ತನಕ ಅಡವು ಇಲ್ಲದೆ ಸಿಗುತ್ತದೆ. ಆದರೆ ಸಾಲದಲ್ಲಿ ನಿಮ್ಮ ಸಹಿಯೂ ಇರುತ್ತದೆ. ಮಗ್ಗಕ್ಕೆ ತೆಗೆದ ಹಳೇ ಸಾಲ ಕಟ್ಟದೆ ಬಿಟ್ಟಿದ್ದರೆ ಬ್ಯಾಂಕ್ ಅದನ್ನೇ ಮೊದಲು ಎತ್ತುತ್ತದೆ. ಕೋರ್ಸ್ ಮುಗಿದು ಸಾಮಾನ್ಯವಾಗಿ ಒಂದು ವರ್ಷದ ಮೇಲೆ ಕಂತು ಶುರು.

ನೀವು ಕೇಳದ ಒಂದು ವಿಷಯ, ಮದುವೆ. ಕೊನೆಯ ವರ್ಷ ಬರುತ್ತಿದ್ದ ಹಾಗೆ ಬೀಗರ ಕಡೆಯಿಂದ ಮಾತು ಶುರುವಾಗುತ್ತದೆ. ಯಾವಾಗ ಬೇಕಾದರೂ ಓದು ನಿಲ್ಲಬಹುದು ಅನ್ನುವ ಹುಡುಗಿ ಎರಡು ವರ್ಷದ ತಯಾರಿ ಹೇಗೆ ಮಾಡುತ್ತಾಳೆ? ಅವಳ 'ನೋಡೂಣಪ್ಪಾ'ದ ಹಿಂದೆ ಇದೂ ಇರಬಹುದು. ಇಷ್ಟು ವರ್ಷ ಆ ಮಾತು ಎತ್ತುವುದಿಲ್ಲ ಅಂತ ಅವಳ ತಾಯಿ, ಅಜ್ಜಿ ಎಲ್ಲರ ಎದುರಿಗೆ ಹೇಳಿ, ಆಮೇಲೆ ಎತ್ತಬೇಡಿ. ನೀವು ಮಾಡಬಹುದಾದ ಎಲ್ಲದರಲ್ಲಿ ಇದೇ ದೊಡ್ಡದು ಅಂತ ನನಗನಿಸುತ್ತದೆ.

ಇನ್ನು 'ಬೆಂಗಳೂರಾಗ ಮಾತಾಡೀನಿ, ಐವತ್ತು ಸಾವಿರ ಕೊಟ್ರ ಆತು' ಅನ್ನುವವರು ನಿಮ್ಮ ಮನೆಗೂ ಬರುತ್ತಾರೆ, ಫೋನಿನಲ್ಲೂ ಸಿಗುತ್ತಾರೆ. ಪರೀಕ್ಷೆಯ ಅರ್ಜಿ ಶುಲ್ಕ ಬೇರೆ. ಆದರೆ ಡೆಪಾಸಿಟ್, ಟ್ರೇನಿಂಗ್ ಫೀ, ಲ್ಯಾಪ್‌ಟಾಪ್ ಖರ್ಚು ಅಂತ ಕೆಲಸ ಕೊಡುವವರೇ ದುಡ್ಡು ಕೇಳಿದರೆ ಅದು ಮೋಸ ಅಂತಲೇ ತಿಳಿಯಿರಿ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿಯೇಬಿಟ್ಟರೆ, ಮರ್ಯಾದೆ ಅಂತ ಸುಮ್ನೆ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.