ರೊಟ್ಟಿಯ ಪಕ್ಕದ ಲಿಂಬೆಹೋಳು

ಹುಬ್ಬಳ್ಳಿಯ ಖಾನಾವಳಿಗಳಲ್ಲಿ ಊಟಕ್ಕೆ ಕೂತರೆ ತಾಟಿನ ಅಂಚಿಗೆ ಒಂದಿಷ್ಟು ಹಸಿ ಪದಾರ್ಥ ಬಂದೇ ಬರುತ್ತದೆ. ಹೆಚ್ಚಿದ ಉಳ್ಳಾಗಡ್ಡಿ, ಮೆಂತ್ಯಸೊಪ್ಪು, ಒಂದು ಹಸಿಮೆಣಸಿನಕಾಯಿ, ಪುಣ್ಯವಿದ್ದರೆ ಲಿಂಬೆಹೋಳು. ಎಷ್ಟೋ ಜನ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ ಮುಗಿಸಿ ಆ ಹೋಳನ್ನು ಹಾಗೇ ಬಿಟ್ಟು ಏಳುತ್ತಾರೆ. ಅಲ್ಲಿಂದ ನೇರ ಚಹಾದಂಗಡಿಗೆ. ಕಬ್ಬಿಣದ ಲೆಕ್ಕ ನೋಡಿದರೆ ಎರಡೂ ನಷ್ಟವೇ.

ಜೋಳದಲ್ಲಿ ಕಬ್ಬಿಣ ಇದೆ, ಮಡಿಕೆಕಾಳಿನಲ್ಲೂ ಇದೆ. ಇದ್ದದ್ದೆಲ್ಲ ಮೈಗೆ ಹತ್ತುವುದಿಲ್ಲ, ಅಷ್ಟೇ. ಕಾಳುಕಡಿಯಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೇಲಾಗಿ ಸಸ್ಯಗಳ ಕಬ್ಬಿಣ ಹೆಚ್ಚಾಗಿ ಫೆರಿಕ್ ರೂಪದಲ್ಲಿರುತ್ತದೆ. ಸಣ್ಣ ಕರುಳು ಒಳಗೆ ಬಿಟ್ಟುಕೊಳ್ಳುವುದು ಫೆರಸ್ ರೂಪವನ್ನು. ಲಿಂಬೆರಸದ ವಿಟಮಿನ್ ಸಿ ಫೆರಿಕ್ಕನ್ನು ಫೆರಸ್ ಮಾಡುತ್ತದೆ, ಫೈಟೇಟಿನ ಕೈಗೆ ಸಿಗದ ಹಾಗೆ ಕರಗಿಸಿಯೂ ಇಡುತ್ತದೆ. ಆದರೆ ಎರಡೂ ಒಟ್ಟಿಗೇ ಹೊಟ್ಟೆಗೆ ಹೋಗಬೇಕು. ಬೆಳಿಗ್ಗೆ ಕುಡಿದ ಲಿಂಬೆ ಶರಬತ್ತು ಮಧ್ಯಾಹ್ನದ ರೊಟ್ಟಿಗೆ ಉಪಯೋಗಕ್ಕೆ ಬರುವುದಿಲ್ಲ. ಕಾಳನ್ನು ಮೊಳಕೆ ಬರಿಸಿದರೆ ಫೈಟೇಟೂ ಸ್ವಲ್ಪ ಕಡಿಮೆಯಾಗುತ್ತದೆ.

ಚಹಾಕ್ಕೆ ಒಗರು ಕೊಡುವ ಟ್ಯಾನಿನ್ ಇದಕ್ಕೆ ಪೂರ್ತಿ ಉಲ್ಟಾ. ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ಹಾಗೇ ಹೊರಗೆ ಸಾಗಿಸುತ್ತದೆ. ಊಟವಾಗಿ ಒಂದು ತಾಸು ಬಿಟ್ಟು ಕುಡಿದರೆ ತೊಂದರೆ ಬಹಳ ಇಳಿಯುತ್ತದೆ. ಚಹಾ ಬಿಡಿ ಅಂದರೆ ಧಾರವಾಡದಲ್ಲಿ ಯಾರು ಕೇಳುತ್ತಾರೆ? ತಾಸು ತಡ ಮಾಡಿ ಅಂತಾದರೂ ಹೇಳಬಹುದು.

ಕರುಳು ಕಬ್ಬಿಣದ ವಿಷಯದಲ್ಲಿ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ದೊಡ್ಡವರ ಮೈಯಲ್ಲಿರುವ ಒಟ್ಟು ಕಬ್ಬಿಣ 3–4 ಗ್ರಾಂ ಮಾತ್ರ. ಹೆಚ್ಚಾದರೆ ಹೊರಹಾಕಲು ದೇಹಕ್ಕೆ ಸರಿಯಾದ ದಾರಿಯೇ ಇಲ್ಲ. ಹಾಗಾಗಿ ಬರುವಾಗಲೇ ತಡೆಯಬೇಕು. ಯಕೃತ್ತಿನಿಂದ ಬರುವ ಹೆಪ್ಸಿಡಿನ್ ಎಂಬ ಹಾರ್ಮೋನಿಗೆ ಇದೇ ಕೆಲಸ. ಸಂಗ್ರಹ ಸಾಕಷ್ಟಿದ್ದರೆ ಅದು ಬಾಗಿಲು ಹಾಕಿಸುತ್ತದೆ, ಕಡಿಮೆಯಾದರೆ ತೆರೆಸುತ್ತದೆ. ಊಟದಿಂದ ದಿನಕ್ಕೆ ರಕ್ತಕ್ಕೆ ಸೇರುವ ಕಬ್ಬಿಣ 1–2 ಮಿಲಿಗ್ರಾಂ. ಹೊಸ ರಕ್ತಕಣ ತಯಾರಿಸಲು ಬೇಕಾಗುವುದು ಸುಮಾರು 20 ಮಿಲಿಗ್ರಾಂಗೂ ಜಾಸ್ತಿ. ಉಳಿದದ್ದು ಎಲ್ಲಿಂದ ಬಂತು? ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಆಯುಷ್ಯ ಮುಗಿದ ಕಣಗಳನ್ನು ಗುಲ್ಮ (ಸ್ಪ್ಲೀನ್) ಮತ್ತು ಯಕೃತ್ತು ಒಡೆದು, ಕಬ್ಬಿಣ ಬಿಡಿಸಿ, ಮತ್ತೆ ಅಸ್ಥಿಮಜ್ಜೆಗೆ ಕಳಿಸುತ್ತವೆ. ರಕ್ತ ಹೊರಗೆ ಹೋದರೆ ಮಾತ್ರ ಆ ಕಬ್ಬಿಣ ವಾಪಸ್ ಬರುವುದಿಲ್ಲ. ತಿಂಗಳ ಮುಟ್ಟು, ಹೆರಿಗೆ ಕಾಣುವ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ ಇರುವುದು ಅದಕ್ಕೇ.

ಪ್ರೋಟೀನಿನ ಕತೆ ಬೇರೆ. ಅದನ್ನು ಕರುಳು ಅಮೈನೋ ಆಮ್ಲಗಳೆಂಬ ಸಣ್ಣ ತುಣುಕುಗಳಾಗಿ ಬಿಡಿಸುತ್ತದೆ. ಒಟ್ಟು 20 ಬಗೆಯಲ್ಲಿ 9 ಊಟದಿಂದಲೇ ಬರಬೇಕು. ಒಂದು ಕಡಿಮೆ ಬಿದ್ದರೂ ಉಳಿದವು ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಕೊಬ್ಬಿನ ಹಾಗೆ ಕೂಡಿಡಲೂ ಆಗುವುದಿಲ್ಲ. ಮಿಕ್ಕಿದ್ದರ ಸಾರಜನಕ ಯೂರಿಯಾ ಆಗಿ ಮೂತ್ರಕ್ಕೆ ಹೋಗುತ್ತದೆ. ಆ 9ರಲ್ಲಿ ಒಂದಾದ ಲೈಸಿನ್ ಜೋಳದಲ್ಲಿ ಕಡಿಮೆ, ಹೆಸರುಕಾಳಿನಲ್ಲಿ ಸಾಕಷ್ಟಿದೆ. ಹೆಸರಿನಲ್ಲಿ ಕಡಿಮೆ ಇರುವ ಇನ್ನೊಂದು, ಮಿಥಿಯೋನಿನ್, ಜೋಳದಿಂದ ಬರುತ್ತದೆ. ಬರೀ ರೊಟ್ಟಿ-ಚಟ್ನಿ ತಿಂದು ಏಳುವವರಿಗೂ ರೊಟ್ಟಿ-ಕಾಳುಪಲ್ಯ ತಿನ್ನುವವರಿಗೂ ಇಲ್ಲೇ ವ್ಯತ್ಯಾಸ.

ಇನ್ನು ಮೆಣಸಿನಕಾಯಿ. ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜಾರ್ಜಿ ವಿಟಮಿನ್ ಸಿ ಯನ್ನು ರಾಶಿಗಟ್ಟಲೆ ತೆಗೆದದ್ದು ತಾವು ಕೆಲಸ ಮಾಡುತ್ತಿದ್ದ ಸೆಗೆಡ್ ಊರಿನ ಹಸಿ ಮೆಣಸಿನಕಾಯಿಯಿಂದ. ರಾತ್ರಿ ಊಟಕ್ಕೆ ಬಂದದ್ದನ್ನು ತಿನ್ನಲು ಮನಸ್ಸಾಗದೆ ಲ್ಯಾಬಿಗೆ ಒಯ್ದೆ ಎಂದು ಅವರೇ ಹೇಳಿಕೊಂಡಿದ್ದರು. 1937ರಲ್ಲಿ ನೊಬೆಲ್ ಬಂತು. ನಮ್ಮ ಬ್ಯಾಡಗಿ ಮಾರುಕಟ್ಟೆಗೆ ಬರುವ ಒಣಮೆಣಸಿನಕಾಯಿಯಲ್ಲಿ ಆ ವಿಟಮಿನ್ ಅಷ್ಟಾಗಿ ಉಳಿದಿರುವುದಿಲ್ಲ, ಬಿಸಿಲಿಗೇ ಹೋಗಿರುತ್ತದೆ. ಉಳಿಯುವುದು ಬಣ್ಣ. ಆ ಬಣ್ಣದಲ್ಲಿರುವ ಬೀಟಾ ಕ್ಯಾರೊಟಿನ್ ಮೈಯಲ್ಲಿ ವಿಟಮಿನ್ ಎ ಆಗುತ್ತದೆ. ಚಿಟಿಕೆ ಖಾರದಪುಡಿಯಿಂದ ಸಿಗುವುದು ಅಲ್ಪ, ಅದು ನಿಜ. ಗಜ್ಜರಿ, ರಾಜಗಿರಿ ಸೊಪ್ಪಿನಲ್ಲಿ ಧಾರಾಳವಾಗಿದೆ. ಇದು ಕರಗುವುದು ಎಣ್ಣೆಯಲ್ಲಿ, ಬೇಯಿಸಿದರೆ ಇನ್ನೂ ಸುಲಭವಾಗಿ ಬಿಡುತ್ತದೆ. ಹಾಗಾಗಿ ಗಜ್ಜರಿಯನ್ನು ಹಸಿಯಾಗಿ ಕಡಿಯುವುದಕ್ಕಿಂತ ಶೇಂಗಾ ಎಣ್ಣೆಯ ಒಗ್ಗರಣೆ ಕೊಟ್ಟು ಪಲ್ಯ ಮಾಡಿದರೆ ವಿಟಮಿನ್ ಎ ಜಾಸ್ತಿ ಸಿಗುತ್ತದೆ.