ನಾಮಫಲಕದಲ್ಲಿ ಇರಬಾರದ ಪದವಿಗಳು

ಭಾರತೀಯ ವಕೀಲರ ಪರಿಷತ್ತು 1961ರ ವಕೀಲರ ಕಾಯ್ದೆಯಡಿ ರೂಪಿಸಿದ ವೃತ್ತಿ ನಡವಳಿಕೆಯ ನಿಯಮಗಳಲ್ಲಿ 36ನೆಯದು ಜಾಹೀರಾತನ್ನು ನಿಷೇಧಿಸುತ್ತದೆ ಎಂಬುದು ಎಲ್ಲ ವಕೀಲರಿಗೂ ಗೊತ್ತು. ಅದೇ ನಿಯಮ ನಾಮಫಲಕದ ಬಗ್ಗೆ ಹೇಳುವುದನ್ನು ಗಮನವಿಟ್ಟು ಓದಿದವರು ಕಡಿಮೆ. ಫಲಕದ ಗಾತ್ರ ಹಿತಮಿತವಾಗಿರಬೇಕು. ವಕೀಲರು ಯಾವುದೇ ಸಂಘದ ಅಧ್ಯಕ್ಷರು ಅಥವಾ ಸದಸ್ಯರು ಎಂದಾಗಲಿ, ಯಾವುದೇ ವ್ಯಕ್ತಿ, ಸಂಸ್ಥೆ ಅಥವಾ ಧ್ಯೇಯದೊಂದಿಗೆ ನಂಟುಳ್ಳವರು ಎಂದಾಗಲಿ ಅದರಲ್ಲಿ ಸೂಚಿಸಬಾರದು.

ಕರಾವಳಿಯಲ್ಲಿ ಈ ಮಾತು ಹಲವರಿಗೆ ವಿಚಿತ್ರವಾಗಿ ಕೇಳಿಸೀತು. ಇಲ್ಲಿ ಬ್ರಹ್ಮಕಲಶೋತ್ಸವ ಸಮಿತಿಯಿರಲಿ, ಚರ್ಚಿನ ಪಾಲನಾ ಮಂಡಳಿಯಿರಲಿ, ಮಸೀದಿಯ ಜಮಾಅತ್ ಕಮಿಟಿಯಿರಲಿ, ಸಹಕಾರಿ ಸಂಘವಿರಲಿ, ಮಹಾಸಭೆಯ ನಿರ್ಣಯ ಬರೆಯಲು, ಬೈಲಾ ತಿದ್ದಲು, ಜಿಲ್ಲಾಧಿಕಾರಿಗಳಿಗೆ ಮನವಿ ಸಿದ್ಧಪಡಿಸಲು ಒಬ್ಬ ವಕೀಲರು ಬೇಕೇ ಬೇಕು. ಬರೆಯಲು ಕುಳಿತವರೇ ಕೆಲವು ವರ್ಷಗಳಲ್ಲಿ ಅಧ್ಯಕ್ಷರಾಗುವುದೂ ಸಾಮಾನ್ಯ. ಕೃಷ್ಣಾಷ್ಟಮಿಯ ಮೊಸರುಕುಡಿಕೆಯ ಹೊತ್ತಿಗೆ ವೃತ್ತಗಳಲ್ಲಿ ಏಳುವ ಫ್ಲೆಕ್ಸ್‌ಗಳಲ್ಲಿ ಭಾವಚಿತ್ರದ ಕೆಳಗೆ ‘ಖ್ಯಾತ ನ್ಯಾಯವಾದಿ’ ಎಂದು ಅಚ್ಚಾಗಿರುತ್ತದೆ. ಹಾಗೆ ಬರೆಸುವವರು ಸಂಘಟಕರೇ ಆಗಿದ್ದರೂ, ಅದನ್ನು ತೆಗೆಸುವ ಹೊಣೆ ವಕೀಲರದ್ದು ಎಂದು ನಾನು ತಿಳಿದಿದ್ದೇನೆ. ನಿಯಮಗಳು ಸಮಾಜದ ಕೆಲಸವನ್ನು ತಡೆಯುವುದಿಲ್ಲ. ಬಡವರಿಗೆ ಉಚಿತ ನೆರವು ನೀಡುವುದು ವಕೀಲರು ಸಮಾಜಕ್ಕೆ ಸಲ್ಲಿಸಬೇಕಾದ ಅತ್ಯುನ್ನತ ಕರ್ತವ್ಯಗಳಲ್ಲಿ ಒಂದೆಂದು 46ನೆಯ ನಿಯಮ ಹೇಳುತ್ತದೆ. ಆ ಕೆಲಸದಿಂದ ಸಿಕ್ಕ ಹೆಸರನ್ನು ಕಕ್ಷಿದಾರರನ್ನು ಕಚೇರಿಗೆ ಕರೆತರುವ ದಾರಿಯಾಗಿ ಬಳಸುವುದಕ್ಕೆ ಮಾತ್ರ ತಡೆ.

ಮಂಗಳೂರಿನ ವಕೀಲರ ಪರಂಪರೆಯಲ್ಲಿ ಈ ಎರಡು ಬದುಕುಗಳನ್ನು ಹೊಂದಿಸಿಕೊಂಡ ಬಗೆಗಳು ಬೇರೆಬೇರೆ. ಕುದ್ಮುಲ್ ರಂಗರಾಯರು ವಕೀಲಿ ವೃತ್ತಿಯಲ್ಲಿದ್ದುಕೊಂಡೇ 1897ರಲ್ಲಿ ಇಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಕಟ್ಟಿ, ಸ್ವಜಾತಿಯವರ ವಿರೋಧದ ನಡುವೆ ದಲಿತ ಮಕ್ಕಳಿಗೆ ಶಾಲೆ ತೆರೆದರು. ಕಾರ್ನಾಡು ಸದಾಶಿವರಾಯರು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ ವಕೀಲಿಯನ್ನೇ ತ್ಯಜಿಸಿದರು, ಆಸ್ತಿಯನ್ನೂ ಕಳೆದುಕೊಂಡರು. ಕಾರ್ಕಳ ಕಡೆಯ ಕೌಡೂರಿನ ಕೆ.ಎಸ್. ಹೆಗ್ಡೆಯವರು ಸರಕಾರಿ ಅಭಿಯೋಜಕರಾಗಿ, ರಾಜ್ಯಸಭಾ ಸದಸ್ಯರಾಗಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, 1977ರಲ್ಲಿ ಲೋಕಸಭಾಧ್ಯಕ್ಷರಾಗಿ ಒಂದು ಪಾತ್ರ ಮುಗಿಸಿ ಇನ್ನೊಂದಕ್ಕೆ ನಡೆದರು. ನಮ್ಮಂಥ ವಿಚಾರಣಾ ನ್ಯಾಯಾಲಯದ ವಕೀಲರಿಗೆ ಹತ್ತಿರವಾದದ್ದೂ ಕಷ್ಟವಾದದ್ದೂ ರಂಗರಾಯರ ದಾರಿ. ಎರಡು ಕೆಲಸಗಳೂ ಒಂದೇ ದಿನ, ಒಂದೇ ಊರಿನಲ್ಲಿ, ಒಂದೇ ಜನರ ನಡುವೆ ನಡೆಯುತ್ತವೆ.

ಮೊದಲ ತೊಡಕು ಎದುರಾಗುವುದು ನಾವು ಪದಾಧಿಕಾರಿಗಳಾಗಿರುವ ಸಂಸ್ಥೆಯ ಕೇಸು ಬಂದಾಗ. ಒಂದು ಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲಿ ಇರುವ ವಕೀಲರು ಆ ಸಂಸ್ಥೆಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಹಾಜರಾಗಬಾರದೆಂದು 8ನೆಯ ನಿಯಮ ಹೇಳುತ್ತದೆ. ಸಮಿತಿಗೆ ಯಾವ ಹೆಸರಿದ್ದರೂ ಇದು ಅನ್ವಯಿಸುವುದರಿಂದ ದೇವಸ್ಥಾನದ ಆಡಳಿತ ಮೊಕ್ತೇಸರರೂ ಸೊಸೈಟಿಯ ನಿರ್ದೇಶಕರೂ ಇದರೊಳಗೆ ಬರುತ್ತಾರೆ. ವಕೀಲರ ಸಂಘದ ಪರವಾಗಿ ಶುಲ್ಕವಿಲ್ಲದೆ ಹಾಜರಾಗುವುದಕ್ಕೆ ವಿನಾಯಿತಿಯಿದೆ; ದೇವಸ್ಥಾನಕ್ಕೆ ಇಲ್ಲ. ‘ನಾನು ಫೀಸು ತೆಗೆದುಕೊಳ್ಳುವುದಿಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ಸಾಲದು. ಸಮಿತಿಯಲ್ಲಿ ಕುಳಿತು ಒಂದು ಗೇಣಿ ಒಪ್ಪಂದಕ್ಕೆ ಕೈಯೆತ್ತಿದವರು ನಾಳೆ ಅದೇ ಒಪ್ಪಂದದ ದಾವೆಯಲ್ಲಿ ಸಾಕ್ಷಿಯಾಗಬೇಕಾಗಬಹುದು. ತಾನು ಸಾಕ್ಷಿಯಾಗುವ ಸಂಭವವಿರುವ ಪ್ರಕರಣದ ವಕಾಲತ್ತು ವಹಿಸಬಾರದೆಂದು ಮತ್ತೊಂದು ನಿಯಮವೂ ಇದೆ.

ಎರಡನೆಯ ತೊಡಕು ಇಷ್ಟು ಸ್ಪಷ್ಟವಲ್ಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಕುಮ್ಕಿ ಜಮೀನಿನ ತಕರಾರುಗಳು ಮುಗಿಯುವುದೇ ಇಲ್ಲ. ವರ್ಗ ಜಮೀನಿಗೆ, ಅಂದರೆ ಖಾಸಗಿ ಹಿಡುವಳಿಗೆ ತಾಗಿದ, ನೂರು ಗಜದೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು ಸೌದೆಗಾಗಿ ವರ್ಗದಾರರಿಗೆ ಬಂದಿರುವ ಸವಲತ್ತಿಗೂ, ಅದೇ ಭೂಮಿಯಲ್ಲಿ ಮನೆ ಕಟ್ಟಿಕೊಂಡು ಹಕ್ಕುಪತ್ರಕ್ಕೆ ಅರ್ಜಿ ಹಾಕಿದ ಕುಟುಂಬಗಳ ಬೇಡಿಕೆಗೂ ನೇರ ಘರ್ಷಣೆ. ನಿವೇಶನರಹಿತರ ಹೋರಾಟ ಸಮಿತಿಯ ವೇದಿಕೆಯಲ್ಲಿ ಭಾನುವಾರ ಮಾತನಾಡಿದ ವಕೀಲರ ಬಳಿಗೆ ಸೋಮವಾರ ಬೆಳಿಗ್ಗೆ ವರ್ಗದಾರರೊಬ್ಬರು ತಡೆಯಾಜ್ಞೆಯ ದಾವೆಗೆ ಕಾಗದಪತ್ರ ಹಿಡಿದು ಬಂದರೆ ಏನು ಮಾಡಬೇಕು? ಸಮಿತಿ ಆ ದಾವೆಯಲ್ಲಿ ಪಕ್ಷಕಾರವಲ್ಲದಿದ್ದರೆ 8ನೆಯ ನಿಯಮ ಅಡ್ಡಬರುವುದಿಲ್ಲ. ಆದರೆ ಎದುರಾಳಿಗಳೊಂದಿಗೆ ತನಗಿರುವ ನಂಟನ್ನೂ ವಿವಾದದ ವಿಷಯದಲ್ಲಿ ತನಗಿರುವ ಆಸಕ್ತಿಯನ್ನೂ ವಕೀಲರು ಆರಂಭದಲ್ಲೇ ಕಕ್ಷಿದಾರರಿಗೆ ಪೂರ್ಣವಾಗಿ, ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು 14ನೆಯ ನಿಯಮ ಹೇಳುತ್ತದೆ. ನಾನು ಇಂಥ ಸಂದರ್ಭದಲ್ಲಿ ಕಾಗದಪತ್ರ ಬಿಡಿಸುವ ಮೊದಲೇ ಅದನ್ನು ಹೇಳಿಬಿಡುತ್ತೇನೆ. ಬಿಡಿಸಿ ಓದಿ, ಸಲಹೆ ಕೊಟ್ಟ ಮೇಲೆ ಬೇಡವೆಂದರೆ ಅವರ ಗುಟ್ಟು ನನ್ನಲ್ಲಿ ಉಳಿಯುತ್ತದೆ. ಆಮೇಲೆ ಅದೇ ವಿಷಯದಲ್ಲಿ ಸಮಿತಿಗೆ ಸಲಹೆ ಕೊಡುವ ಬಾಗಿಲೂ ಮುಚ್ಚುತ್ತದೆ. ವೃತ್ತಿಯ ನಡುವೆ ತಿಳಿದದ್ದನ್ನು ಹೊರಗೆಡಹಬಾರದೆಂಬ ಕಟ್ಟು 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ.

ಮೂರನೆಯದು ಪಂಚಾತಿಕೆ. ಕುಟುಂಬದ ಪಾಲಿನ ಜಗಳ, ಅದರಲ್ಲೂ ತಾಯಿಯ ಕಡೆಯಿಂದ ಆಸ್ತಿ ಹರಿಯುವ ಹಳೆಯ ಅಳಿಯಸಂತಾನದ ಮನೆಗಳ ಜಗಳವಾದರೆ, ಹಿರಿಯರು ‘ವಕೀಲರೇ, ನೀವು ಒಮ್ಮೆ ಕುಳಿತು ಹೇಳಿ’ ಎಂದು ಮನೆಗೆ ಕರೆಯುತ್ತಾರೆ. ಹೋಗಬೇಕು ಎಂಬುದೇ ನನ್ನ ಮತ. ಆದರೆ ಪಂಚಾತಿಕೆಗೆ ಕುಳಿತವರು ಅದು ಮುರಿದುಬಿದ್ದ ಮೇಲೆ ಒಂದು ಬದಿಯ ವಕಾಲತ್ತಿಗೆ ಸಹಿ ಹಾಕಬಾರದು. ಹಾಕಿದರೆ ಮುಂದೆ ಆ ಊರಿನಲ್ಲಿ ಯಾರೂ ಅವರ ಮುಂದೆ ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ. ರಾಜಿಯಾದರೆ ಅದನ್ನು ಲೋಕ ಅದಾಲತ್‌ನಲ್ಲಿ ದಾಖಲಿಸುವುದು ಒಳ್ಳೆಯದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಅಲ್ಲಿನ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆಯಿದೆ, ಮೇಲ್ಮನವಿ ಇಲ್ಲ.

ಇಷ್ಟೆಲ್ಲ ಎಚ್ಚರಿಕೆಗಳನ್ನು ಓದಿದ ಕಿರಿಯ ವಕೀಲರು ಕೋರ್ಟು ಮತ್ತು ಕಚೇರಿಯಷ್ಟೇ ಸಾಕೆಂದು ತೀರ್ಮಾನಿಸಬಾರದು. ಕೇಸು ನಡೆಸಿದ ವಕೀಲರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿಯಿದೆ: ಯಾವ ಕಾಗದ ಇಲ್ಲದ್ದರಿಂದ ಕೇಸು ಸೋತಿತು ಎಂಬುದು. ಅದನ್ನು ಊರಿಗೆ ತಲುಪಿಸುವುದು ನಮ್ಮ ಸಾರ್ವಜನಿಕ ಕೆಲಸದ ತಿರುಳಾಗಬೇಕೆಂದು ನಾನು ನಂಬಿದ್ದೇನೆ. ಹೆದ್ದಾರಿ 66ರಲ್ಲಿ ಬಸ್ಸು ಬಡಿದು ಬೀಡಿ ಕಟ್ಟುವ ಹೆಂಗಸೊಬ್ಬರು ತೀರಿಕೊಂಡರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಮೊದಲು ಏಳುವ ಪ್ರಶ್ನೆ ಅವರ ಆದಾಯ. ಬೀಡಿ ಪಾಸ್‌ಬುಕ್, ಪಿಎಫ್ ಖಾತೆಯ ವಿವರ ಇದ್ದರೆ ಲೆಕ್ಕ ಅದರ ಮೇಲೆ ನಿಲ್ಲುತ್ತದೆ. ಇಲ್ಲದಿದ್ದರೆ ನ್ಯಾಯಮಂಡಳಿ ಕಾಲ್ಪನಿಕ ಆದಾಯವೊಂದನ್ನು ಹಿಡಿದು ಪರಿಹಾರ ನಿಗದಿ ಮಾಡುತ್ತದೆ. ಮಲ್ಪೆಯಲ್ಲೂ ಮಂಗಳೂರಿನ ಮೀನುಗಾರಿಕಾ ಧಕ್ಕೆಯಲ್ಲೂ ಬೋಟಿನ ಆಳುಗಳಿಗೆ ಹಿಡಿದ ಮೀನಿನ ಪಾಲಿನ ಲೆಕ್ಕದಲ್ಲಿ ಹಣ ಸಿಗುವುದರಿಂದ ಅವರ ಸ್ಥಿತಿ ಇನ್ನೂ ಬಿಗಡಾಯಿಸಿದ್ದು. ವಿಮಾ ಕಂಪನಿಯ ವಕೀಲರ ಪಾಟೀಸವಾಲಿಗೆ ಹೆಂಡತಿ ‘ಕೈಗೆ ಕೊಡುತ್ತಿದ್ದರು, ಎಷ್ಟೆಂದು ಗೊತ್ತಿಲ್ಲ’ ಎಂದು ಉತ್ತರಿಸಿದರೆ ಅದನ್ನು ಯಾವ ವಾಗ್ಮಿಯೂ ರಿಪೇರಿ ಮಾಡಲಾರರು. ಪಾಲಿನ ಹಣ ಬ್ಯಾಂಕ್ ಖಾತೆಗೆ ಬರಲಿ ಎಂದು ಮೀನುಗಾರರ ಸಂಘದ ಸಭೆಯಲ್ಲಿ ಹತ್ತು ನಿಮಿಷ ಹೇಳಿದರೆ, ಕೋರ್ಟಿನಲ್ಲಿ ಹತ್ತು ವಾಯಿದೆ ವಾದಿಸಿದ್ದಕ್ಕಿಂತ ಹೆಚ್ಚು ಫಲವಿದೆ. 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ, ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ ಎಂಬುದೂ ಅಂಥ ಸಭೆಯಲ್ಲಿ ಹೇಳಬೇಕಾದ ವಿಷಯ. ಹಾಗೆಯೇ, ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ ಎಂಬುದು ನಾನು ಹೋದ ಹೆಚ್ಚಿನ ಮಹಿಳಾ ಮಂಡಲಗಳಲ್ಲಿ ಹೊಸ ಸುದ್ದಿಯಾಗಿತ್ತು.

ಕೋರ್ಟಿನಿಂದ ಆಗದ, ಮನವಿಯಿಂದ ಮಾತ್ರ ಆಗುವ ಕೆಲಸಗಳೂ ಇವೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಇಂಥ ದುರಂತದಲ್ಲಿ ಕುಟುಂಬಗಳಿಗೆ ಎದುರಾಗುವ ಕಾನೂನಿನ ಗೋಡೆ ಯಾವುದೆಂದರೆ, ಏಳು ವರ್ಷ ಸುಳಿವಿಲ್ಲದಿದ್ದರೆ ಮಾತ್ರ ವ್ಯಕ್ತಿ ತೀರಿಕೊಂಡಿದ್ದಾನೆಂಬ ಪೂರ್ವಭಾವನೆ ಸಾಕ್ಷ್ಯ ಕಾನೂನಿನಲ್ಲಿ ಹುಟ್ಟುತ್ತದೆ. ಅದಕ್ಕಿಂತ ಮೊದಲು ಮರಣವನ್ನು ಸಾಂದರ್ಭಿಕ ಸಾಕ್ಷ್ಯದಿಂದ ರುಜುವಾತುಪಡಿಸಬೇಕು, ದೇಹವಿಲ್ಲ, ಸಾಕ್ಷಿಯಿಲ್ಲ. ವಿಮೆ, ಸಾಲ, ಪಿಂಚಣಿ ಎಲ್ಲವೂ ಮರಣ ಪ್ರಮಾಣಪತ್ರಕ್ಕೆ ಕಾದು ನಿಲ್ಲುತ್ತವೆ. ಆಗ ಕಾನೂನು ಬಲ್ಲವರ ಉಪಯೋಗ ದಾವೆ ಹೂಡುವುದರಲ್ಲಿಲ್ಲ. ಯಾವ ಅಧಿಕಾರಿ ಯಾವ ವಿಚಾರಣಾ ವರದಿಯ ಆಧಾರದಲ್ಲಿ ಏನನ್ನು ಮಂಜೂರು ಮಾಡಬಹುದೆಂದು ಗುರುತಿಸಿ ಮನವಿಯನ್ನು ಕರಾರುವಾಕ್ಕಾಗಿ ಬರೆಯುವುದರಲ್ಲಿದೆ.

ಭೂಸುಧಾರಣೆಯ ಕಾಲದಲ್ಲೂ ಹೀಗೆಯೇ ಆಯಿತು. 1974ರ ತಿದ್ದುಪಡಿಯ ನಂತರ ಚಾಲಗೇಣಿ ಒಕ್ಕಲುಗಳು, ಅಂದರೆ ವರ್ಷದಿಂದ ವರ್ಷಕ್ಕೆ ಗೇಣಿಗೆ ಉಳುವವರು, ಭೂಮಿಯ ಹಕ್ಕಿಗಾಗಿ ಡಿಕ್ಲರೇಶನ್ ಹಾಕಿದಾಗ ಭೂನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವುದನ್ನು ಕಾಯ್ದೆಯೇ ನಿಷೇಧಿಸಿತ್ತು. ಆ ಕಲಮನ್ನು ಸುಪ್ರೀಂ ಕೋರ್ಟು ರದ್ದುಪಡಿಸಿದ್ದು 1987ರಲ್ಲಿ. ವಾದಿಸುವಂತಿಲ್ಲದ ಆ ವರ್ಷಗಳಲ್ಲಿ ಒಬ್ಬ ವಕೀಲರಿಂದ ಒಕ್ಕಲಿಗೆ ಸಿಗಬಹುದಾಗಿದ್ದ ನೆರವೆಂದರೆ ನಮೂನೆ ತುಂಬಿಸುವುದು, ಗೇಣಿ ಚೀಟಿ ಹುಡುಕಿಸುವುದು, ಏನು ಹೇಳಬೇಕೆಂದು ತಿಳಿಸಿ ಕಳುಹಿಸುವುದು.

ಇನ್ನು ವಕೀಲರು ತಮ್ಮದೇ ಬೇಡಿಕೆಗಾಗಿ ಬೀದಿಗಿಳಿಯುವ ವಿಷಯ. ಹೈಕೋರ್ಟಿನ ಸಂಚಾರಿ ಪೀಠಗಳು 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಆರಂಭವಾಗಿ 2013ರಲ್ಲಿ ಖಾಯಂ ಆದವು. ಮಂಗಳೂರಿಗೂ ಪೀಠ ಬೇಕೆಂಬ ಕೂಗು ಬಹಳ ಕಾಲದ್ದು. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದಾಗ ಸುಮಾರು 350 ಕಿಲೋಮೀಟರ್ ದೂರದ ಬೆಂಗಳೂರಿಗೆ ಒಂದು ಜಾಮೀನು ಅರ್ಜಿಗಾಗಿ ಹೊರಡುವ ಬಡ ಕಕ್ಷಿದಾರರನ್ನು ಕಂಡವರಿಗೆ ಆ ಬೇಡಿಕೆಯ ನ್ಯಾಯ ವಿವರಿಸಬೇಕಾಗಿಲ್ಲ. ಅದಕ್ಕಾಗಿ ಮನವಿ, ಸಭೆ, ಸಂಸದರ ಭೇಟಿ, ಸಂಜೆಯ ಮೆರವಣಿಗೆ ಎಲ್ಲದರಲ್ಲೂ ನಾನು ಇರುತ್ತೇನೆ. ಕಲಾಪ ಬಹಿಷ್ಕಾರಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲವೆಂದು ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ತೀರ್ಪಿತ್ತಿದೆ. ತೀರ್ಪಿನ ಮಾತು ಹಾಗಿರಲಿ, ಪೀಠ ಯಾರಿಗಾಗಿ ಬೇಕೋ ಅದೇ ವಿಚಾರಣಾಧೀನ ಕೈದಿ ಬಹಿಷ್ಕಾರದ ದಿನ ಇನ್ನೊಂದು ವಾಯಿದೆ ಪಡೆದು ಜೈಲಿಗೆ ಮರಳುತ್ತಾನೆ. ಅಂಥ ದಿನಗಳಲ್ಲಿ ಜಾಮೀನು ಅರ್ಜಿ, ಜೀವನಾಂಶ ಮತ್ತು ಸಾಕ್ಷಿ ದೂರದಿಂದ ಬಂದಿರುವ ಕೇಸುಗಳನ್ನಾದರೂ ನಡೆಯಗೊಡಬೇಕೆಂದು ಸಂಘದ ಸಭೆಯಲ್ಲಿ ಹೇಳುತ್ತ ಬಂದಿದ್ದೇನೆ. ಆ ಮಾತಿಗೆ ಹಿರಿಯರಿಗಿಂತ ಕಿರಿಯ ವಕೀಲರಿಂದಲೇ ಹೆಚ್ಚು ವಿರೋಧ ಬಂದಿದೆ, ಮತ್ತು ಚರ್ಚೆ ಇನ್ನೂ ಮುಗಿದಿಲ್ಲ.