ಅನ್‌ಹೈಡ್ರಸ್: ಒಣಗಿದ್ದೆಲ್ಲ ನಿರ್ಜಲವಲ್ಲ

‘ಅನ್‌ಹೈಡ್ರಸ್’ ಎಂದರೆ ‘ಒಣಗಿದ್ದು’ ಎಂದು ಅಂಚಿನಲ್ಲಿ ಬರೆದುಕೊಂಡವರು ಅದನ್ನು ಈಗಲೇ ತಿದ್ದಿಕೊಳ್ಳಿ. ಗ್ರೀಕ್ ಮೂಲದ ಈ ಪದಕ್ಕೆ ನೀರಿಲ್ಲದ್ದು, ನಿರ್ಜಲ ಎಂಬ ಅರ್ಥ. ಮೇಲೆ ಅಂಟಿದ ತೇವವಷ್ಟೇ ಅಲ್ಲ, ಹರಳಿನ ರಚನೆಯೊಳಗೆ ಸೇರಿಕೊಂಡ ನೀರೂ ಇರಬಾರದು.

ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಚೆನ್ನಾಗಿ ಗೊತ್ತು. ಸುಣ್ಣದೊಂದಿಗೆ ಬೆರೆಸಿ, ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವುದು ಇದರಿಂದಲೇ. ಈ ನೀಲಿ ಹರಳು ನೋಡಲು ಪೂರ್ತಿ ಒಣಗಿರುತ್ತದೆ. ಆದರೂ ಒಂದೊಂದು ತಾಮ್ರದ ಸಲ್ಫೇಟ್ ಘಟಕದ ಜೊತೆ 5 ನೀರಿನ ಅಣುಗಳಿವೆ. ಇದೇ ಸ್ಫಟಿಕ ಜಲ. ಪ್ರನಾಳದಲ್ಲಿ ಹಾಕಿ, ಬಾಯಿಯನ್ನು ತುಸು ಕೆಳಕ್ಕೆ ಬಾಗಿಸಿ ಕಾಯಿಸಿ. ಮೊದಲು ಬಾಯಿಯ ಹತ್ತಿರ ಹನಿಗಳು ಕಟ್ಟುತ್ತವೆ, ನೀಲಿ ಮಾಸುತ್ತದೆ, ಕೊನೆಗೆ ಬಿಳಿ ಪುಡಿ ಉಳಿಯುತ್ತದೆ. ಆ ಪುಡಿ ಅನ್‌ಹೈಡ್ರಸ್. ಆರಿದ ಮೇಲೆ ಒಂದು ಹನಿ ನೀರು ಬಿಟ್ಟರೆ ನೀಲಿ ಮರಳುತ್ತದೆ, ಪ್ರನಾಳ ಬೆಚ್ಚಗಾಗುತ್ತದೆ. ನೀರಿದೆಯೇ ಎಂದು ಪತ್ತೆಹಚ್ಚುವ ಪರೀಕ್ಷೆಯೂ ಇದೇ.

ಲೆಕ್ಕವನ್ನು ಮಾತ್ರ ಬಿಡಬೇಡಿ. ನೀಲಿ ಹರಳಿನ ಸೂತ್ರರಾಶಿ (ಸೂತ್ರದಲ್ಲಿರುವ ಎಲ್ಲ ಪರಮಾಣುಗಳ ರಾಶಿಯ ಮೊತ್ತ) 249.5, ಅದರಲ್ಲಿ ನೀರಿನದೇ 90, ಅಂದರೆ ಶೇ. 36. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 360 ಗ್ರಾಂ ನೀರೇ! ನೀಲಿ ಹರಳಿಗೆ ಹೇಳಿದ ತೂಕದಷ್ಟೇ ಬಿಳಿ ಪುಡಿ ಹಾಕಿದರೆ ದ್ರಾವಣ ಒಂದೂವರೆ ಪಟ್ಟಿಗಿಂತಲೂ ಪ್ರಬಲವಾಗುತ್ತದೆ. ಪ್ರಯೋಗಾಲಯದ ಬಾಟಲಿಯ ಚೀಟಿಯಲ್ಲಿ ‘ಅನ್‌ಹೈಡ್ರಸ್’ ಎಂಬ ಪದ ಇದೆಯೋ ಇಲ್ಲವೋ ಎಂದು ನೋಡಿಯೇ ತೂಗಬೇಕು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಅನ್‌ಹೈಡ್ರಸ್ ಅಲ್ಲ, ಅದರ ಒಂದೊಂದು ಘಟಕಕ್ಕೆ ಅರ್ಧ ಅಣು, ಅಂದರೆ ಎರಡು ಘಟಕಗಳಿಗೆ ಒಂದು ಅಣು, ನೀರು ಉಳಿದಿರುತ್ತದೆ. ಪರೀಕ್ಷೆಯಲ್ಲಿ ಇಲ್ಲಿ ಎಡವುವವರು ಬಹಳ.

ಪದದ ಬಳಕೆಯಲ್ಲೂ ಎಚ್ಚರ ಬೇಕು. ಇದು ರಾಸಾಯನಿಕಗಳಿಗೆ ಸಲ್ಲುವ ಮಾತು. ಮಳೆ ಕಾಣದ ನೆಲಕ್ಕೆ ಇಂಗ್ಲಿಷಿನಲ್ಲಿ ‘ಆರಿಡ್’, ನೀರು ಕಳೆದುಕೊಂಡ ದೇಹಕ್ಕೆ ‘ಡಿಹೈಡ್ರೇಟೆಡ್’. ಒಣದ್ರಾಕ್ಷಿಗೂ ಅನ್‌ಹೈಡ್ರಸ್ ಎನ್ನುವಂತಿಲ್ಲ. ಮಾರಾಟಕ್ಕೆ ಸಿದ್ಧವಾದಾಗಲೂ ಅದರಲ್ಲಿ ಶೇ. 15ರ ಆಸುಪಾಸು ತೇವಾಂಶವಿರುತ್ತದೆ.

ದ್ರವವೂ ಅನ್‌ಹೈಡ್ರಸ್ ಆಗಬಲ್ಲದು ಎಂಬುದು ನನಗೆ ಈ ಪಾಠದ ಅತ್ಯಂತ ಸೊಗಸಾದ ಭಾಗ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಕಡೆ ಕಾಕಂಬಿಯಿಂದ ಎಥನಾಲ್ ತಯಾರಾಗುತ್ತದೆ. ಸಾಮಾನ್ಯ ಬಟ್ಟಿ ಇಳಿಸುವಿಕೆ ತೂಕದಲ್ಲಿ ಶೇ. 95.6ರ ಹತ್ತಿರ ನಿಂತುಬಿಡುತ್ತದೆ, ಏಕೆಂದರೆ ಆ ಹಂತದಲ್ಲಿ ನೀರು ಮತ್ತು ಎಥನಾಲ್ ದ್ರವದಲ್ಲಿ ಯಾವ ಅನುಪಾತದಲ್ಲಿವೆಯೋ ಅದೇ ಅನುಪಾತದಲ್ಲಿ ಆವಿಯಾಗುತ್ತವೆ. ಉಳಿದ ನೀರನ್ನು ಜಿಯೋಲೈಟ್ ಹರಳುಗಳು ತಮ್ಮ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಪೆಟ್ರೋಲಿಗೆ ಬೆರೆಸಲು ಹೀಗೆ ನಿರ್ಜಲವಾದ ಎಥನಾಲೇ ಬೇಕು. ನೀರು ಹೆಚ್ಚಾದರೆ ಅದು ಎಥನಾಲನ್ನು ಸೆಳೆದುಕೊಂಡು ಟ್ಯಾಂಕಿನ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ.